ಓಣಿಗೆ ಬಾರದ ಸೊಳ್ಳೆಗಳು

ತೆನ್ರಿ ಸೊಳ್ಳೆಗಳ ಕೆಲಸಕ್ಕೆ ಬಂದದ್ದು ಯಾವ ಘನ ಉದ್ದೇಶದಿಂದಲೂ ಅಲ್ಲ. ಮಕಾಸರ್ ಎಂಬ ಬಂದರು ಪಟ್ಟಣದ ವಿಶ್ವವಿದ್ಯಾಲಯದಲ್ಲಿ ಆ ವರ್ಷ ವಿದ್ಯಾರ್ಥಿವೇತನ ಉಳಿದಿದ್ದದ್ದು ಅದೊಂದಕ್ಕೇ. ಬಂದರಿನಲ್ಲಿ ಕೂತು ಬಲೆ ಹೆಣೆಯುತ್ತಿದ್ದ ಅಪ್ಪ, "ಇಷ್ಟು ಓದಿ ಸೊಳ್ಳೆ ಸಾಕ್ತೀಯೇನೇ? ಮನೇಲಿ ಪುಕ್ಕಟೆ ಸಾಕ್ತಾನೇ ಇದೀವಲ್ಲ!" ಎಂದು ನಕ್ಕಿದ್ದ.

ಸೇರಿದ ಮೇಲೆ ಮಾತ್ರ ಒಂದು ಸಂಗತಿ ಅವಳನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಡೆಂಗಿ ವೈರಸ್ಸು ಮಗುವಿನ ಮೈ ಹೊಕ್ಕರೆ ಮಗು ಹಾಸಿಗೆ ಹಿಡಿಯುತ್ತದೆ. ಅದೇ ವೈರಸ್ಸು ಸೊಳ್ಳೆಯ ಮೈಯೊಳಗೆ ಜೀವಮಾನವಿಡೀ ಇರುತ್ತದೆ, ಸೊಳ್ಳೆಗೆ ಏನೂ ಆಗುವುದಿಲ್ಲ. ಹಾರುತ್ತದೆ, ಕಚ್ಚುತ್ತದೆ, ಮೊಟ್ಟೆಯಿಡುತ್ತದೆ. ಸೊಳ್ಳೆಯೊಳಗೆ ಕತ್ತರಿಯಂಥದ್ದೊಂದು ಇದೆ. ವೈರಸ್ಸಿನ ಎಳೆಯನ್ನು ಕಂಡಕಂಡಲ್ಲಿ ತುಂಡರಿಸುತ್ತದೆ. ಆದರೆ ಪೂರಾ ಮುಗಿಸುವುದಿಲ್ಲ, ತನಗೆ ತೊಂದರೆಯಾಗದಷ್ಟು ತಗ್ಗಿಸಿ ಸುಮ್ಮನಾಗುತ್ತದೆ. ಉಳಿದದ್ದು ಎಂಜಲಿನ ಜೊತೆ ಮನುಷ್ಯನಿಗೆ. ಆ ಕತ್ತರಿ ಇನ್ನೂ ಹರಿತವಾಗಿದ್ದರೆ?

ಕಾಲುವೆ ಪಕ್ಕದ ಓಣಿಯೊಂದರಿಂದ ಮೊಟ್ಟೆ ತಂದು ತೆನ್ರಿ ಸೊಳ್ಳೆ ಸಾಕಿದಳು. ಯಾವುದರ ಮೈಯಲ್ಲಿ ವೈರಸ್ಸು ಕಡಿಮೆಯೋ ಅದರ ಸಂತಾನವನ್ನಷ್ಟೇ ಉಳಿಸಿಕೊಂಡಳು. ತಲೆಮಾರಿನ ಮೇಲೆ ತಲೆಮಾರು, ಒಂಬತ್ತು ವರ್ಷ. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ತಾನಾಗಿ ತಣ್ಣಗಾಯಿತು. ಕೊನೆಗೆ ಅವಳ ಪಂಜರಗಳಲ್ಲಿ ಎಂಥ ಸೊಳ್ಳೆ ಹುಟ್ಟಿತೆಂದರೆ, ಡೆಂಗಿ ರಕ್ತ ಕುಡಿಸಿದರೂ ಹತ್ತರಲ್ಲಿ ಒಂಬತ್ತರ ಮೈಯಲ್ಲಿ ವೈರಸ್ಸಿನ ಸುಳಿವೇ ಇರುತ್ತಿರಲಿಲ್ಲ. ಇವನ್ನು ಹೊರಗೆ ಬಿಟ್ಟು ಊರಿನ ಸೊಳ್ಳೆಗಳ ಜೊತೆ ಬೆರೆಸಿದರೆ ಜ್ವರವೇ ನಿಂತೀತು ಎನ್ನುವಷ್ಟು ಆಸೆ ಹುಟ್ಟಿತು.

ಮೊದಲು ಬಿಡುವುದು ಅದೇ ಓಣಿಯಲ್ಲಿ ಎಂದು ನಿಶ್ಚಯವಾಯಿತು. ಓಣಿಯನ್ನು ಒಪ್ಪಿಸಿದವಳು ದಾಯೆಂಗ್ ಬೊಲ್ಲೊ. ಹೆರಿಗೆಯಿಂದ ಹೆಣದವರೆಗೆ ಅವಳಿಲ್ಲದೆ ಅಲ್ಲಿ ಏನೂ ನಡೆಯುತ್ತಿರಲಿಲ್ಲ. ಮನೆಮನೆಗೆ ಹೋಗಿ ಹೇಳಿದಳು. ಬೆಂತೊರ್ ಎಂಬ ಮೂರು ಗಾಲಿಯ ಬಾಡಿಗೆ ಗಾಡಿ ಓಡಿಸುವ ಸಂಪಾರಾ ಮಾತ್ರ ಜಗ್ಗಲಿಲ್ಲ.

"ಇರೋ ಸೊಳ್ಳೆ ಸಾಲದು ಅಂತ ಇನ್ನಷ್ಟು ತಂದು ಬಿಡ್ತಾಳಂತೆ. ನಿನಗೇನು ತಲೆ ಕೆಟ್ಟಿದೆಯಾ ದಾಯೆಂಗ್?" ಎಂದ.

"ನನ್ನ ತಲೆ ಕೆಟ್ಟಿದ್ದರೆ ನಿನ್ನ ಹೆಂಡತಿ ಹೆರಿಗೆಗೆ ನೀನು ನನ್ನ ಕರೆಯೋಕೆ ಬಂದ ದಿನ ಹೇಳಬೇಕಿತ್ತು ಕಣೋ. ಈ ಹುಡುಗಿ ಸುಳ್ಳು ಹೇಳೋಳಲ್ಲ. ನಾನು ಮುಖ ನೋಡಿ ಹೇಳ್ತೀನಿ."

ಕೊನೆಗೆ ಅವನೂ ಹೂಂಗುಟ್ಟಿದ. ಮಳೆಗಾಲಕ್ಕೆ ಮುಂಚೆ ಬಿಡುವುದೆಂದು ಮಾತಾಯಿತು.

ಸರ್ಕಾರದ ಅಪ್ಪಣೆಯೂ ಕೈಗೆ ಬಂದಿತ್ತು. ಆದರೂ ತೆನ್ರಿಗೆ ಒಂದು ಪರೀಕ್ಷೆ ಬಾಕಿ ಉಳಿಯಿತೆಂಬ ಕಸಿವಿಸಿ. ಹತ್ತರಲ್ಲಿ ಒಂದು ಸೊಳ್ಳೆಯಲ್ಲಿ ಚೂರುಪಾರು ವೈರಸ್ಸು ಉಳಿಯುತ್ತಿತ್ತಲ್ಲ, ಅದು ಏನಾಗುತ್ತದೆ? ಅದನ್ನು ತೆಗೆದು ಮತ್ತೆ ತನ್ನ ಸೊಳ್ಳೆಗಳಿಗೇ ಕುಡಿಸಿದಳು. ಅವುಗಳಲ್ಲಿ ಉಳಿದದ್ದನ್ನು ಮತ್ತೆ ಕುಡಿಸಿದಳು. ಹೀಗೆ ಹಲವು ಸುತ್ತು ಕಳೆದ ಮೇಲೆ ಒಂದು ಬೆಳಿಗ್ಗೆ ಫಲಿತಾಂಶ ಬಂತು. ವೈರಸ್ಸು ಕತ್ತರಿಯ ಕಣ್ಣು ತಪ್ಪಿಸುವುದನ್ನು ಕಲಿತಿತ್ತು. ಅವಳ ಸೊಳ್ಳೆಗಳಲ್ಲಿ ಧಾರಾಳವಾಗಿ ಬೆಳೆದಿತ್ತು. ಊರಿನ ಸಾಮಾನ್ಯ ಸೊಳ್ಳೆಗೆ ಕುಡಿಸಿ ನೋಡಿದರೆ, ಹಳೆಯ ವೈರಸ್ಸಿಗಿಂತ ಎಷ್ಟೋ ಪಟ್ಟು ಜೋರಾಗಿ ಹಬ್ಬಿತು. ಮನುಷ್ಯನ ಜೀವಕೋಶಗಳಲ್ಲೂ ಹಾಗೆಯೇ. ಒಂಬತ್ತು ವರ್ಷ ಅವಳು ಸಾಕಿದ್ದು ಕಾಯುವ ಸೊಳ್ಳೆಯನ್ನಲ್ಲ, ವೈರಸ್ಸಿಗೆ ಒಂದು ಗರಡಿಮನೆಯನ್ನು.

ಜೊತೆಗೆ ಕೆಲಸ ಮಾಡುತ್ತಿದ್ದ ರುಸ್ಲಾನ್‌ನನ್ನು ಕರೆದು ತೋರಿಸಿದಳು. ಅವನು ಅಂಕಿಗಳನ್ನು ಎರಡೆರಡು ಸಲ ಓದಿದ.

"ಎಲ್ಲೋ ಕಲಬೆರಕೆ ಆಗಿದೆ ಅಕ್ಕ. ಇನ್ನೊಂದು ಸಲ ಮಾಡೋಣ."

ಇನ್ನೊಂದು ಸಲ ಮಾಡಿದರು. ಬೇರೆ ಪಂಜರ, ಬೇರೆ ರೋಗಿಯಿಂದ ತೆಗೆದ ವೈರಸ್ಸು. ಅದೇ ಬಂತು. ಬೇಕೆಂತಲೇ ರುಸ್ಲಾನ್ ಒಬ್ಬನೇ ಕೂತು ಮೂರನೇ ಸಲವೂ ಮಾಡಿದ. ಅದೇ.

"ಹೊರಗೆ ಹೀಗೇ ಆಗುತ್ತೆ ಅಂತ ಏನು ಗ್ಯಾರಂಟಿ?" ಎಂದ. "ಪಂಜರದಲ್ಲಿ ನಾವೇ ಒತ್ತಾಯ ಮಾಡಿ ಮಾಡಿಸಿದ್ದು. ಹೊರಗೆ ಐದು ವರ್ಷ ಆಗಬಹುದು, ಆಗದೇನೂ ಇರಬಹುದು. ಅಲ್ಲೀವರೆಗೆ ಎಷ್ಟು ಮಕ್ಕಳು ಉಳೀತಾವೆ, ಲೆಕ್ಕ ಹಾಕು."

"ಆಮೇಲೆ ಹುಟ್ಟೋ ಮಕ್ಕಳು?"

"ಅವರನ್ನ ಯಾರು ನೋಡಿದಾರೆ ಅಕ್ಕ! ಹೇಳ್ಬೇಡ ಅನ್ನಲ್ಲ. ಒಂದು ಮಳೆಗಾಲ ತಡೆದು ಹೇಳು. ನಿನ್ನ ಕಾಲಿಗೆ ಬೀಳ್ತೀನಿ."

ಮರುದಿನ ತೆನ್ರಿ ಪಂಜರಗಳನ್ನೆಲ್ಲ ಒಂದೊಂದಾಗಿ ಶೀತಪೆಟ್ಟಿಗೆಗೆ ಇಟ್ಟಳು. ಚಳಿ ತಟ್ಟಿದ ಸೊಳ್ಳೆಗಳು ಮೊದಲು ಬಲೆಗೆ ಅಂಟಿಕೊಂಡವು, ಆಮೇಲೆ ಉದುರಿದವು. ರುಸ್ಲಾನ್ ಬಾಗಿಲಲ್ಲೇ ನಿಂತಿದ್ದ, ಒಳಗೆ ಬರಲಿಲ್ಲ. ಮೊಟ್ಟೆ ಅಂಟಿದ ಕಾಗದಗಳನ್ನೂ ಬೇಯಿಸಿ ಮುಗಿಸಿದಳು.

ಓಣಿಗೆ ತಾನೇ ಹೋಗಿ ಹೇಳಿದಳು. ದಾಯೆಂಗ್ ಬೊಲ್ಲೊ ಬಟ್ಟೆ ಒಣಹಾಕುತ್ತಿದ್ದಳು. ಕೇಳುತ್ತ ಕೇಳುತ್ತ ಕೈ ನಿಂತಿತು.

"ಸತ್ತೋದ್ವಾ?"

"ನಾನೇ ಸಾಯಿಸ್ದೆ."

"ನೀನು ಸಾಯಿಸ್ದೆ. ಆಯ್ತು. ನಾನು ಮನೆಮನೆ ಬಾಗಿಲು ತಟ್ಟಿ ಬಂದಿದೀನಲ್ಲ, ನನ್ನ ಮಾತನ್ನ ಯಾರು ಸಾಯಿಸ್ಬೇಕು?"

"ಬಿಟ್ಟಿದ್ದರೆ ಮುಂದೆ ಇನ್ನೂ ಕೆಟ್ಟ ಜ್ವರ ಬರೋದಿತ್ತು, ದಾಯೆಂಗ್. ನಿಮಗೆ ಮೋಸ ಮಾಡಬಾರದು ಅಂತ..."

"ಮೊದಲೇ ಯಾಕೆ ನೋಡ್ಲಿಲ್ಲ?" ಎಂದಳು ಮುದುಕಿ. ಸಿಟ್ಟಿನಿಂದಲ್ಲ, ನಿಜವಾಗಿಯೇ ತಿಳಿಯಬೇಕೆಂದು ಕೇಳಿದಳು. ಮೊದಲೇ ನೋಡಬಹುದಿತ್ತು. ತೆನ್ರಿಗೆ ನೋಡಲು ಮನಸ್ಸಿರಲಿಲ್ಲ, ಅಷ್ಟೇ.

ಆ ಸಲದ ಮಳೆ ಬೇಗ ಹಿಡಿಯಿತು. ಸಂಪಾರಾನ ಮಗಳು ನುರ್ಮಿಗೆ ಆರು ವರ್ಷ. ಜ್ವರ ಬಂತು, ಬಿಟ್ಟಿತು. ಬಿಟ್ಟಿತಲ್ಲ ಎಂದು ಅಮ್ಮ ಗಂಜಿ ಕುಡಿಸಿದಳು, ತಲೆ ಬಾಚಿದಳು. ಡೆಂಗಿ ಕುತ್ತಿಗೆ ಹಿಡಿಯುವುದು ಜ್ವರ ಇಳಿದಾಗಲೇ. ಸಂಜೆಯ ಹೊತ್ತಿಗೆ ಹುಡುಗಿಯ ಕೈಕಾಲು ತಣ್ಣಗಾಗಿ, ಅಪ್ಪ ತನ್ನದೇ ಗಾಡಿಯಲ್ಲಿ ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಣ್ಣು ಮಾಡಿ ಬಂದ ಮೇಲೆ ಜನ ಚಾಪೆಯ ಮೇಲೆ ಕೂತು ಪ್ರಾರ್ಥನೆ ಓದುತ್ತಿದ್ದರು. ತೆನ್ರಿ ಹೆಂಗಸರ ಸಾಲಿನ ಕೊನೆಗೆ ಹೋಗಿ ಕೂತಳು. ಪಕ್ಕದವಳು ಸ್ವಲ್ಪ ಸರಿದಳು. ಯಾರೋ ಟೀ ತಂದಿಟ್ಟರು, ಮುಖ ನೋಡದೆ. ಎಲ್ಲ ಮುಗಿದು ಹೊರಟಾಗ ಸಂಪಾರಾ ಹೊಸ್ತಿಲಲ್ಲಿ ಅಡ್ಡ ನಿಂತ.

"ಒಂದೇ ಮಾತು ಕೇಳ್ತೀನಿ ಡಾಕ್ಟ್ರೇ. ಆ ಸೊಳ್ಳೆ ಬಿಟ್ಟಿದ್ರೆ ನನ್ನ ಮಗಳು ಉಳೀತಿದ್ಲಾ? ಹೌದೋ, ಅಲ್ವೋ?"

ಮುಂದೆ ಹುಟ್ಟುವ ಮಕ್ಕಳ ವಿಷಯ ಅವಳ ನಾಲಗೆಯ ತುದಿಯಲ್ಲಿತ್ತು. ಆದರೆ ಆ ಮಕ್ಕಳಿಗೆ ಹೆಸರಿರಲಿಲ್ಲ. ಈ ಮಗುವಿನ ಚಪ್ಪಲಿ ಇನ್ನೂ ಬಾಗಿಲಲ್ಲೇ ಇತ್ತು.

"ಈ ವರ್ಷ... ಉಳೀತಿದ್ಲೇನೋ," ಎಂದಳು.

ಸಂಪಾರಾ ತಲೆಯಾಡಿಸಿ ದಾರಿ ಬಿಟ್ಟ. ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು.

ಆಮೇಲೆ ಯೋಜನೆ ಮುಚ್ಚಿತು. ಸೊಳ್ಳೆಕೋಣೆಯಲ್ಲಿ ಈಗ ಮುರಿದ ಕುರ್ಚಿಗಳಿವೆ. ರುಸ್ಲಾನ್ ಸುರಬಾಯಾಕ್ಕೆ ಹೋಗಿ ಆಸ್ಪತ್ರೆ ಸಲಕರಣೆ ಮಾರುತ್ತಾನೆ. ಹಬ್ಬಕ್ಕೆ ಶುಭಾಶಯ ಕಳಿಸಿದರೆ ಮರುಮಾತಿಲ್ಲ. ತೆನ್ರಿ ಮೊದಲ ವರ್ಷದ ಮಕ್ಕಳಿಗೆ ಪಾಠ ಹೇಳುತ್ತಾಳೆ. ಕತ್ತರಿಗೆ ಬೇರೊಂದು ದಾರಿ ಹುಡುಕುತ್ತೇನೆಂದು ಎರಡು ಸಲ ಅನುದಾನ ಕೇಳಿ ಬರೆದಳು. ಎರಡೂ ತಿರುಗಿ ಬಂದವು. ಬರೆದದ್ದನ್ನು ಅವಳೇ ನಂಬಿರಲಿಲ್ಲ.

ಮಳೆಗಾಲದಲ್ಲಿ ಮಾತ್ರ ಆರೋಗ್ಯ ಕೇಂದ್ರದ ಹೆಂಗಸರ ಜೊತೆ ಆ ಓಣಿಗೆ ಹೋಗುತ್ತಾಳೆ, ನೀರಿನ ಪಾತ್ರೆಗಳಲ್ಲಿ ಸೊಳ್ಳೆಮರಿ ಹುಡುಕಲು. ದಾಯೆಂಗ್ ಬೊಲ್ಲೊ ಈಗ ಹಾಸಿಗೆಯಲ್ಲಿದ್ದಾಳೆ, ಯಾರೆಂದು ಗುರುತು ಹಿಡಿಯುವುದಿಲ್ಲ. ಸಂಪಾರಾನ ಮನೆಯೊಳಗೆ ತೆನ್ರಿಯನ್ನು ಕರೆಯುವುದಿಲ್ಲ. ಅವನ ಹೆಂಡತಿ ಡ್ರಮ್ಮನ್ನು ಎಳೆದು ಬಾಗಿಲಾಚೆ ಇಡುತ್ತಾಳೆ. ಹೋದ ವಾರ ತೆನ್ರಿ ಬಗ್ಗಿ ಟಾರ್ಚ್ ಬಿಟ್ಟಾಗ ತಳದಲ್ಲಿ ಮರಿಗಳು ಒದ್ದಾಡುತ್ತಿದ್ದವು.

"ಚೆಲ್ಬೇಕಾ?" ಎಂದಳು ಹೆಂಡತಿ.

"ಚೆಲ್ಬೇಕು."

"ನಲ್ಲಿ ಬರೋದು ನಾಳಿದ್ದು."

ತೆನ್ರಿ ಡ್ರಮ್ಮಿನ ಒಂದು ಅಂಚು ಹಿಡಿದಳು. ಸಂಪಾರಾನ ಹೆಂಡತಿ ಇನ್ನೊಂದು ಅಂಚು ಹಿಡಿದಳು. ಇಬ್ಬರೂ ಸೇರಿ ನೀರನ್ನು ಚರಂಡಿಗೆ ಬಗ್ಗಿಸಿದರು.