ಸಿಕ್ಕಿಬಿದ್ದವಳೇ ತಪಾಸಣೆಗೆ

ಹೋದ ವರ್ಷ ನನ್ನ ಮೊಮ್ಮಗಳು ಗೋಕುಲಂ ಮನೆಯ ಮಹಡಿ ಕೋಣೆಯಲ್ಲಿ ಕೂತು ತಾನೇ ಒಂದು ಕಂಪ್ಯೂಟರ್ ಗೇಮ್ ತಯಾರು ಮಾಡುತ್ತಿದ್ದಳು. ಅದರಲ್ಲಿ ಎಲ್ಲರಿಗೂ ಒಂದೊಂದು ಆಕಾಶನೌಕೆ. ಒಂದು ಗ್ರಹದಲ್ಲಿ ಸರಕು ತುಂಬಿಸಿಕೊಂಡು ಇನ್ನೊಂದರಲ್ಲಿ ಮಾರಬೇಕು. ಔಟರ್ ಸ್ಪೇಸ್ ಆದರೂ ಲೈಸೆನ್ಸ್ ಬೇಕು. ಅದರಲ್ಲಿ ನನಗೇನೂ ಆಶ್ಚರ್ಯ ಕಾಣಲಿಲ್ಲ.

ಕಷ್ಟವೆಂದರೆ, ಆಡಲು ಬಂದವರು ನಡುವೆಯೇ ಎದ್ದು ಹೋಗುತ್ತಿದ್ದರು. ಎರಡು ಸಲ ಗೆಳತಿಯರನ್ನು ಕರೆಸಿದ್ದಳು, ಎರಡು ಸಲವೂ ಹೀಗೇ. ಭಾನುವಾರ ಮೂರನೇ ಸಲ.

"ಈ ಸಲಾನೂ ಎದ್ದುಹೋದ್ರೆ ಇಲ್ಲಿಗೇ ಬುಟ್ಬುಡ್ತೀನಿ ಅಜ್ಜಿ" ಅಂದಳು. ಎರಡು ವರ್ಷದ ಕೆಲಸ. ತಟ್ಟೆಯಲ್ಲಿ ಅನ್ನ ಕಲಸಿ ಹಾಗೇ ಇಟ್ಟಿದ್ದಳು.

"ಯಾಕೆ ಎದ್ದು ಹೋಗ್ತಾರೆ?"

"ಕಳ್ಳಮಾಲು ಸಾಗಿಸಿ ಸಿಕ್ಕಿಬೀಳ್ತಾರೆ. ರೆಪ್ಯುಟೇಶನ್ ಹೋಗುತ್ತೆ, ಅದರ ಜೊತೆ ಲೈಸೆನ್ಸೂ ಹೋಗುತ್ತೆ. ಲೈಸೆನ್ಸ್ ಇಲ್ದೆ ವ್ಯಾಪಾರ ಇಲ್ಲ. ವ್ಯಾಪಾರ ಮಾಡ್ದೆ ರೆಪ್ಯುಟೇಶನ್ ವಾಪಸ್ ಬರಲ್ಲ."

"ಮತ್ತೆ ಅವರೇನು ಮಾಡ್ಬೇಕು?"

"ಸುಮ್ನೆ ತೇಲ್ತಾ ಇರ್ಬೇಕು."

"ನಾನೂ ಎದ್ದು ಹೋಗ್ತಿದ್ದೆ ಕಣೇ."

"ಥ್ಯಾಂಕ್ಸ್ ಅಜ್ಜಿ."

ಶಿಕ್ಷೆ ಕಡಿಮೆ ಮಾಡಿದರೆ ಎಲ್ಲರೂ ಕಳ್ಳಮಾಲನ್ನೇ ತುಂಬಿಸುತ್ತಾರಂತೆ. ಅದೂ ನಿಜ. ಆಗ ನನ್ನ ಕಾನ್ವೆಂಟ್ ಹಾಸ್ಟೆಲಿನ ಪದ್ಧತಿ ಹೇಳಿದೆ.

ನಮ್ಮಲ್ಲಿ ಪ್ರತಿಯೊಬ್ಬಳಿಗೂ ಒಂದು ಕಂಡಕ್ಟ್ ಕಾರ್ಡ್, ನಡತೆಯ ಲೆಕ್ಕ. ಅದು ಕ್ಲೀನ್ ಆಗಿದ್ದರೆ ಮಾತ್ರ ಶನಿವಾರ ಹೊರಗೆ ಹೋಗಲು ಪರ್ಮಿಷನ್. ಮನೆ ತಿಂಡಿ ಸ್ಟ್ರಿಕ್ಟ್ಲೀ ಇಲ್ಲ. ರಜೆ ಮುಗಿಸಿ ಬಂದರೆ ಬಾಗಿಲಲ್ಲೇ ಟೇಬಲ್ ಹಾಕಿ ಟ್ರಂಕು ತೆಗೆಸುತ್ತಿದ್ದರು. ನಾನು ದಿಂಬಿನ ಹತ್ತಿಯೊಳಗೆ ಕೋಡುಬಳೆ ಇಟ್ಟಿದ್ದೆ. ಸಿಸ್ಟರ್ ಒತ್ತಿ ನೋಡಿದರು. ದಿಂಬು ಕಟಕಟ ಅಂದಿತು.

ಕಾರ್ಡಿಗೆ ಕಪ್ಪು ಗುರುತು ಬಿತ್ತು. ಆದರೆ ಸಿಕ್ಕಿಬಿದ್ದವಳನ್ನೇ ಮುಂದಿನ ಸಲ ತಪಾಸಣೆ ಮಾಡಲು ಕೂರಿಸುವುದು ಅಲ್ಲಿನ ರೂಲ್. "ಯೂ ನೋ ಆಲ್ ದ ಪ್ಲೇಸಸ್, ಚೈಲ್ಡ್" ಅನ್ನುತ್ತಿದ್ದರು ಸಿಸ್ಟರ್. ಒಬ್ಬಳನ್ನು ಹಿಡಿದುಕೊಟ್ಟರೆ ನಮ್ಮ ಗುರುತು ಅಳಿಸುತ್ತಿದ್ದರು.

ಮೊಮ್ಮಗಳು ಈಗ ತಲೆಯೆತ್ತಿದಳು. "ಅಜ್ಜಿ, ನೀವು ಕಸ್ಟಮ್ಸ್ ಆಫೀಸರ್ ಆಗಿದ್ರಾ?"

"ಎಂಟನೇ ಕ್ಲಾಸಲ್ಲಿ."

"ಯಾರನ್ನ ಹಿಡಿದ್ರಿ?"

ಪಕ್ಕದ ಮಂಚದವಳನ್ನು. ಇಲವಾಲದ ಹುಡುಗಿ. ಹುಣಸೆಹಣ್ಣಿಗೆ ಉಪ್ಪು, ಖಾರ, ಬೆಲ್ಲ ಹಾಕಿ ಕುಟ್ಟಿದ ಉಂಡೆಗಳನ್ನು ಸಾಕ್ಸಿನಲ್ಲಿ ತರುತ್ತಿದ್ದಳು. ಅರ್ಧ ನನಗೇ ಕೊಡುತ್ತಿದ್ದಳು, ಹಾಗಾಗಿ ಹುಡುಕುವ ಕಷ್ಟ ಇರಲಿಲ್ಲ. ನೇರ ಸಾಕ್ಸಿಗೇ ಕೈ ಹಾಕಿದೆ. ನನ್ನ ಕಾರ್ಡ್ ಕ್ಲೀನ್ ಆಯಿತು.

"ಆ ಹುಡುಗಿ ಏನಂದ್ರು?"

"ಏನೂ ಅನ್ಲಿಲ್ಲ. ಹತ್ತನೇ ಕ್ಲಾಸ್ ಮುಗಿಯೋ ತನಕ ಏನೂ ಅನ್ಲಿಲ್ಲ."

ಮುಂದಿನ ಸಲ ಟೇಬಲ್ಲಿಗೆ ಅವಳು ಕೂತಳು. ನನ್ನ ಟ್ರಂಕು ತೆಗೆದು, ಸ್ವೆಟರ್ ಬಿಚ್ಚಿ, ಒಳಗಿದ್ದ ಕೋಡುಬಳೆ ನೋಡಿದಳು. ಸ್ವೆಟರನ್ನು ನನಗಿಂತ ಚೆನ್ನಾಗಿ ಮಡಿಸಿಟ್ಟು ಮುಚ್ಚಳ ಹಾಕಿದಳು. ಅವಳ ಕಾರ್ಡಿನ ಗುರುತು ಹಾಗೇ ಉಳಿಯಿತು. ಆ ಕೋಡುಬಳೆ ನನಗೆ ತಿನ್ನಲಾಗಲಿಲ್ಲ. ಇದನ್ನು ಮೊಮ್ಮಗಳಿಗೆ ಹೇಳುವ ಹೊತ್ತಿಗೆ ಅವಳು ಕೈ ತೊಳೆದು ಮೆಟ್ಟಿಲು ಹತ್ತಿಯಾಗಿತ್ತು.

ಭಾನುವಾರ ನಾಲ್ಕು ಜನ ಬಂದರು. ಮೊದಲು ಸಿಕ್ಕಿಬಿದ್ದವಳು ಮಂಡಿ ಮೊಹಲ್ಲಾದ ಹುಡುಗಿ. ಹಿಂದಿನ ಎರಡು ಸಲವೂ ಮೊದಲು ಎದ್ದವಳೂ ಅವಳೇ. ಲೈಸೆನ್ಸ್ ಹೋಯಿತು. ಅವಳ ಕೈ ಬ್ಯಾಗಿಗೆ ಹೋಯಿತು. ಅಷ್ಟರಲ್ಲಿ ಪರದೆಯ ಮೇಲೆ ಆಜ್ಞೆ ಬಂತು: ಬಂದರಿನ ಗೇಟಿನಲ್ಲಿ ಕೂತು ಒಂದು ಕಳ್ಳಮಾಲು ಹಿಡಿದುಕೊಟ್ಟರೆ ಲೈಸೆನ್ಸ್ ವಾಪಸ್. ಗೇಟಿಗೆ ಬಂದ ಮೂರನೇ ನೌಕೆ, ಅದೇ ಸೋಫಾದಲ್ಲಿ ಪಕ್ಕ ಕೂತಿದ್ದ ಗೆಳತಿಯದು.

"ಲೇ, ಬಿಡೇ ನನ್ನ!"

"ಏನಿದೆ ಒಳಗೆ?"

"ಅಕ್ಕಿ ಕಣೇ. ಮಾಮೂಲಿ ಅಕ್ಕಿ."

"ನಿನ್ ಮುಖ ನೋಡಿದ್ರೆ ಅಕ್ಕಿ ಥರ ಇಲ್ಲ."

"ಹೋದ ವಾರ ನಿನ್ನ ಅಸೈನ್‌ಮೆಂಟ್ ಬರ್ಕೊಟ್ಟೋಳು ಯಾರು?"

ಒಬ್ಬರೂ ಏಳಲಿಲ್ಲ. ಬಾಕಿ ಇಬ್ಬರು ತಮ್ಮ ಆಟ ಬಿಟ್ಟು ಗೇಟಿನಲ್ಲಿ ಕೂತವಳ ಬೆರಳನ್ನೇ ನೋಡುತ್ತಿದ್ದರು. ನಾನು ಇಟ್ಟ ಕಾಫಿ ನಾಲ್ಕೂ ಲೋಟದಲ್ಲಿ ಕೆನೆಗಟ್ಟಿತು. ಮೊಮ್ಮಗಳು ಅಡುಗೆಮನೆಗೆ ಬಂದು, ನಿಂತುಕೊಂಡೇ ಎರಡು ತಟ್ಟೆ ಉಪ್ಪಿಟ್ಟು ತಿಂದಳು. ಕತ್ತಲಾಗುವವರೆಗೂ ಅವರನ್ನು ಎಬ್ಬಿಸಲಾಗಲಿಲ್ಲ.

ಈಗ ನಾನೂ ಆಡುತ್ತೇನೆ. ಮೊದಲ ದಿನವೇ ಸಿಕ್ಕಿಬಿದ್ದೆ. ಗೇಟಿನಲ್ಲಿ ಕೂತು, ಬಂದ ನೌಕೆಯನ್ನೆಲ್ಲ ತೆಗೆದು ನೋಡಿ, ಮುಚ್ಚಿ, ಕಳಿಸುತ್ತೇನೆ.

"ಹೀಗಾದ್ರೆ ನಿಮಗೆ ಲೈಸೆನ್ಸ್ ಬರೋದೇ ಇಲ್ಲ ಅಜ್ಜಿ" ಅನ್ನುತ್ತಾಳೆ ಮೊಮ್ಮಗಳು.

ಬೇಡ ಬಿಡು ಅಂದಿದ್ದೇನೆ.