ಲಿಂದಿವೆ ಮಿಸ್ ಮನೆಯ ಬಾಗಿಲು

ಲಿಂದಿವೆ ಮಿಸ್ ನಮ್ಮ ಬೀದಿಯಲ್ಲಿ ಮನೆ ಮಾಡಿದ್ದು ಅಕ್ಟೋಬರಿನಲ್ಲಿ. ಅದಕ್ಕೂ ಮುಂಚೆ ಎರಡು ವರ್ಷ ಅರಬ್ ಕರಾವಳಿಯ ನಮ್ಮ ಇದೇ ಸೊಹಾರ್ ಊರಿನಲ್ಲಿ ಶಾಲೆಯವರು ಕೊಟ್ಟ ಫ್ಲ್ಯಾಟಿನಲ್ಲಿದ್ದರು, ಅದಕ್ಕೂ ಮುಂಚೆ ದುಬೈಯಲ್ಲಿ. ಊರು ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಸ್‌ಬರ್ಗ್. ವಯಸ್ಸು ನಲವತ್ತಾರು. ಇಂಟರ್‌ನ್ಯಾಷನಲ್ ಸ್ಕೂಲಿನಲ್ಲಿ ಎರಡನೇ ತರಗತಿಗೆ ಪಾಠ ಮಾಡುತ್ತಾರೆ. ಬೆಳಿಗ್ಗೆ ಆರೂಕಾಲಿಗೆ ಅವರ ಬಿಳಿ ಕಾರು ಹೊರಟಿತೆಂದರೆ ಸಲ್ಲಾನ್ ಬಡಾವಣೆಯ ನಮ್ಮ ಬೀದಿಯವರು ಗಡಿಯಾರ ನೋಡುವುದಿಲ್ಲ.

"ದುಬೈಯಲ್ಲಿ ಒಂದು ರೂಮಿಗೆ ಸುರೀತಿದ್ದ ಬಾಡಿಗೇಲಿ ಇಲ್ಲಿ ಮೂರು ರೂಮು, ಅಂಗಳ, ನಿಂಬೆಗಿಡ! ಸಂಜೆ ನಾಲ್ಕು ಹೆಜ್ಜೆ ಹಾಕಿದ್ರೆ ಸಮುದ್ರ. ಇನ್ನೇನು ಬೇಕು ಹೇಳಿ?" ಎಂದು ಅಮ್ಮನ ಹತ್ತಿರ ಹೇಳುತ್ತಿದ್ದರು. ಅವರ ಅರಬ್ಬಿ ಮುರುಕು ಮುರುಕು. ಆದರೂ ಸಂಕೋಚವಿಲ್ಲದೆ ಮಾತಾಡುತ್ತಿದ್ದರು, ತಪ್ಪಾದರೆ ತಾವೇ ಮೊದಲು ನಗುತ್ತಿದ್ದರು.

ಅವರಿಗೆ ಇನ್ನೂ ಒಂದು ಬೇಕಾಗಿತ್ತು. ಶಾಲೆಯಲ್ಲಿ ಇಪ್ಪತ್ತಾರು ಮಕ್ಕಳು ಅವರ ಕೈಗೆ, ಉಡುಪಿನ ಅಂಚಿಗೆ ಜೋತುಬೀಳುತ್ತಿದ್ದವು. ಮನೆಗೆ ಬಂದರೆ ಒಂದು ಮಗುವೂ ಬಾಗಿಲು ತಟ್ಟುತ್ತಿರಲಿಲ್ಲ. ನಮ್ಮ ಬೀದಿಯ ಮಕ್ಕಳು ನೀರು ಬೇಕಾದರೆ ಯಾರ ಮನೆಗಾದರೂ ನುಗ್ಗುವವು. ಮಿಸ್ ಮನೆಗೆ ಮಾತ್ರ ಹೋಗುತ್ತಿರಲಿಲ್ಲ. ಅದಕ್ಕೆ ಕಾರಣ ಒಂಬತ್ತು ವರ್ಷದ ಅಝ್ಝಾನ್.

"ಅಲ್ಲಿ ಹೋದ್ರೆ ಮಗ್ಗಿ ಕೇಳ್ತಾರಂತೆ. ತಪ್ಪು ಹೇಳಿದ್ರೆ ಬರೆಸ್ತಾರಂತೆ" ಎಂದು ಅವನು ಹಬ್ಬಿಸಿದ್ದ. ಚೆಂಡು ಮಿಸ್ ಅಂಗಳಕ್ಕೆ ಬಿದ್ದರೆ, ಮಾರನೇ ದಿನ ಅವರ ಕಾರು ಹೋಗುವವರೆಗೆ ಕಾದು ಗೋಡೆ ಹಾರಿ ತರುತ್ತಿದ್ದರು. ಗೋಡೆಯ ಮೇಲೆ ಚಪ್ಪಲಿ ಗುರುತು ನೋಡಿ ಮಿಸ್ ಅಮ್ಮನಿಗೆ ಹೇಳಿದ್ದರು: "ನೋಡಿ, ನಾನಿಲ್ಲದಾಗ ಬರ್ತಾರೆ. ಇರುವಾಗ ಬಂದ್ರೆ ನಾನೇನು ಕಚ್ತೀನಾ?"

ರಮದಾನ್ ಬಂತು. ತಿಂಗಳ ನಡುವೆ ಕರಂಕಶೋ, ಮಕ್ಕಳ ಹಬ್ಬ. ಆ ಸಂಜೆ ಉಪವಾಸ ಬಿಟ್ಟ ಮೇಲೆ ಮಕ್ಕಳು ಹೊಸ ಬಟ್ಟೆ ಹಾಕಿ, ಕಡಲ ಚಿಪ್ಪು ಬಡಿಯುತ್ತ, ಹಾಡುತ್ತ ಮನೆಮನೆಗೆ ಹೋಗುತ್ತಾರೆ. ಕಡಲೆಕಾಯಿ, ಟಾಫಿ, ಹಲ್ವ ಕೊಟ್ಟ ಮನೆಗೆ ಒಂದು ಪದ. ಕೊಡದ ಮನೆಗೆ ಇನ್ನೊಂದು ಪದ, ಮರ್ಯಾದೆಯದ್ದಲ್ಲ. ಒಂದು ಸಲ ಆ ಪದ ಹಾಡಿಸಿಕೊಂಡ ಮನೆಯನ್ನು ಮಕ್ಕಳು ವರ್ಷವಿಡೀ ಆಡಿಕೊಳ್ಳುತ್ತಾರೆ.

ಮಿಸ್ ತಮ್ಮೂರಿನ ನೀಲಿ ಚಿತ್ತಾರದ ಬಟ್ಟೆ ತಂದು ಅಮ್ಮನ ಹೊಲಿಗೆ ಮಿಷನ್ನಿನ ಮೇಲಿಟ್ಟರು. "ಅರವತ್ತು ಪುಟ್ಟ ಚೀಲ ಹೊಲಿದುಕೊಡಿ. ಕರಂಕಶೋಗೆ ಮಕ್ಕಳು ನನ್ನ ಬಾಗಿಲಿಗೂ ಬರ್ಬೇಕು. ಕ್ಯಾಲೆಂಡರ್ ನೋಡಿದೀನಿ, ರಮದಾನಿನ ಹದಿನೈದನೇ ತಾರೀಕು ಬುಧವಾರ. ಬುಧವಾರ ಸಂಜೆಗೆ ಸಿಕ್ಕಿದ್ರೆ ಸಾಕು."

"ಹೂಂ ಹೂಂ, ಆಗುತ್ತೆ" ಎಂದಳು ಅಮ್ಮ. ಮಿಷನ್ನಿನ ಸದ್ದಿನಲ್ಲಿ ಅವಳಿಗೆ ಅರ್ಧ ಕೇಳಿಸಿರಲಿಲ್ಲ.

ನಾನು ಓದು ನಿಲ್ಲಿಸಿ ಅಮ್ಮನ ಜೊತೆ ಹೊಲಿಗೆಗೆ ಕೂರುತ್ತಿದ್ದೆ. ನನಗೆ ಪೂರ್ತಿ ಕೇಳಿಸಿತ್ತು. ನಮ್ಮಲ್ಲಿ ದಿನ ಹುಟ್ಟುವುದು ಸೂರ್ಯ ಮುಳುಗಿದಾಗ. ಮಂಗಳವಾರದ ಸೂರ್ಯ ಮುಳುಗಿದರೆ ಹದಿನೈದು ಶುರುವಾಯಿತು, ಕರಂಕಶೋ ಆ ಸಂಜೆಯೇ. ಬುಧವಾರ ಸಂಜೆಗೆ ಎಲ್ಲ ಮುಗಿದಿರುತ್ತದೆ. ಹೇಳಬೇಕೆಂದು ಮಾತು ಬಾಯಿಯವರೆಗೆ ಬಂತು. ಟೀಚರಿಗೆ ತಾರೀಕು ಹೇಳಿಕೊಡುವುದು ಹೇಗೆ ಎಂದು ಸುಮ್ಮನಾದೆ. ಸೋಮವಾರ ಚೀಲಗಳನ್ನು ಕೊಡಲು ಹೋದಾಗಲೂ ಕೊಟ್ಟು ಬಂದೆ, ಅಷ್ಟೇ.

ಮಂಗಳವಾರ ಸಂಜೆಯ ಮಗ್ರಿಬ್ ನಮಾಜು ಮುಗಿಯುತ್ತಲೇ ಬೀದಿ ತುಂಬ ಚಿಪ್ಪಿನ ಸದ್ದು. ಮಿಸ್ ಮನೆಯಲ್ಲಿ ದೀಪವಿರಲಿಲ್ಲ. ನಾಳೆಗೆ ಬೇಕಾದ ಕಡಲೆಕಾಯಿ, ಟಾಫಿ ತರಲು ಅವರು ಪೇಟೆಗೆ ಹೋಗಿದ್ದರು. ಮಕ್ಕಳು ಬಾಗಿಲು ತಟ್ಟಿದರು.

"ಕಾರೂ ಇಲ್ಲ. ಬೇಕಂತಲೇ ಹೋಗಿದಾರೆ ನೋಡ್ರೋ" ಎಂದ ಅಝ್ಝಾನ್.

"ಇನ್ನೊಂದು ಸಲ ತಟ್ಟೋಣ" ಎಂದಳು ಅವನ ತಂಗಿ ವದ್ಹಾ. ಅವಳಿಗೆ ಆರು ವರ್ಷ. ತಟ್ಟಿದರು. ಯಾರೂ ಬರಲಿಲ್ಲ. ಆಮೇಲೆ ಆ ಎರಡನೇ ಪದ ಕೇಳಿಸಿತು, ಜೋರಾಗಿ, ನಗುವಿನ ಜೊತೆ.

ಅಮ್ಮ ಹೊರಗೆ ಓಡಿ ಬಂದಳು. "ಅಯ್ಯೋ, ಮಿಸ್ ಎಲ್ಲಿ?"

"ಅವರು ನಾಳೆ ಅಂದ್ಕೊಂಡಿದಾರೆ" ಎಂದೆ.

"ಗೊತ್ತಿತ್ತಾ ನಿನಗೆ? ಬಾಯಲ್ಲಿ ಏನು ದಾರ ಕಚ್ಚಿಕೊಂಡಿದ್ಯಾ?"

ನಾನು ಚಪ್ಪಲಿ ಮೆಟ್ಟಿ ಮಕ್ಕಳ ಹಿಂದೆ ಹೊರಟೆ.

ಮಕ್ಕಳು ಬೀದಿ ಸುತ್ತಿ ಬಂದು, ಮಿಸ್ ಮನೆಯ ಎದುರಿಗಿರುವ ಮೌಝಾ ಅಜ್ಜಿಯ ಮನೆ ಮುಂದೆ ಇದ್ದಾಗ ಬಿಳಿ ಕಾರು ಬಂತು. ಮಿಸ್ ಇಳಿದರು. ಹೊಸ ಬಟ್ಟೆ ನೋಡಿದರು, ತುಂಬಿದ ಚೀಲಗಳನ್ನು ನೋಡಿದರು.

"ಇವತ್ತಾ?" ಎಂದು ಕೇಳಿದರು.

"ಇವತ್ತೇ ಮಗಳೇ" ಎಂದಳು ಮೌಝಾ ಅಜ್ಜಿ, ಹೊಸ್ತಿಲ ಮೇಲೆ ಕೂತಲ್ಲಿಂದ. "ಸೂರ್ಯ ಮುಳುಗಿದ ಮೇಲೆ ಹದಿನೈದು ಬಂತಲ್ಲ. ನಿನ್ನ ಬಾಗಿಲಲ್ಲಿ ಹಾಡೂ ಆಗಿಹೋಯ್ತು."

"ಯಾವ ಹಾಡು?"

ಅಝ್ಝಾನ್ ಕೈಯ ಚಿಪ್ಪನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ. ಮಿಸ್‌ಗೆ ತಿಳಿಯಿತು. ಕಾರಿನ ಬಾಗಿಲು ಹಿಡಿದುಕೊಂಡು ತಮ್ಮ ಕತ್ತಲ ಮನೆಯತ್ತ ತಿರುಗಿದರು. ಅತ್ತೇಬಿಡುತ್ತಾರೇನೋ ಎಂದು ನನಗೆ ಹೆದರಿಕೆಯಾಯಿತು.

ಆಮೇಲೆ ಅವರ ದನಿ ಬದಲಾಯಿತು. ಅದು ತರಗತಿಯ ದನಿ. ಆ ದನಿಗೆ ಅಷ್ಟೂ ಮಕ್ಕಳು ನೆಟ್ಟಗೆ ನಿಂತರು.

"ನನ್ನ ಕ್ಲಾಸಿಗೆ ಯಾರಾದ್ರೂ ತಪ್ಪಾಗಿ ಬಂದ್ರೆ ನಾನೇನು ಮಾಡ್ತೀನಿ ಗೊತ್ತಾ? ಹೊರಗೆ ಕಳಿಸ್ತೀನಿ. ಮೊದಲಿಂದ ಸರಿಯಾಗಿ ಬಾ ಅಂತೀನಿ. ಇವತ್ತು ತಪ್ಪು ಮಾಡಿದ್ದು ನಾನು. ನಾನು ಒಳಗೆ ಹೋಗಿ ಬಾಗಿಲು ಹಾಕ್ಕೊಳ್ತೀನಿ. ನೀವು ಮೊದಲಿಂದ ಬನ್ನಿ. ಮನಸ್ಸಿದ್ರೆ."

ಸಾಮಾನು ಎತ್ತಿಕೊಂಡು ಮನೆಗೆ ಹೋದರು. ದೀಪ ಹತ್ತಿತು. ಬಾಗಿಲು ಮುಚ್ಚಿತು.

ಮಕ್ಕಳು ಅಲ್ಲೇ ನಿಂತಿದ್ದವು.

"ಒಂದು ಸಲ ಹಾಡಿದ ಮನೆಗೆ ಮತ್ತೆ ಹೋಗೋ ಹಾಗಿಲ್ಲ" ಎಂದ ಅಝ್ಝಾನ್.

"ಹಾಗಂತ ಯಾರು ಹೇಳಿದ್ದೋ?" ಎಂದಳು ಅಜ್ಜಿ.

"ಮಗ್ಗಿ ಕೇಳಿದ್ರೆ?"

"ಮಗ್ಗಿ ಬರಲ್ಲ ಅಂತ ಕಡಲೆಕಾಯಿ ಬಿಡ್ತೀಯೇನೋ, ಕತ್ತೆ? ನಿಮ್ಮಪ್ಪ ನಿನ್ನ ವಯಸ್ಸಲ್ಲಿ ಒಂದು ಮನೆಗೆ ಮೂರು ಸಲ ಹೋಗ್ತಿದ್ದ, ಮುಖಕ್ಕೆ ಬಟ್ಟೆ ಸುತ್ಕೊಂಡು!"

ಎಲ್ಲರೂ ನಕ್ಕರು. ಆದರೂ ಯಾರೂ ಹೆಜ್ಜೆ ಎತ್ತಲಿಲ್ಲ. ಮುಚ್ಚಿದ ಬಾಗಿಲಿನ ಹಿಂದೆ ಮಿಸ್ ನಿಂತಿರುವುದು ನಾನಿದ್ದ ಜಾಗದಿಂದ ಕಿಟಕಿಯಲ್ಲಿ ಕಾಣುತ್ತಿತ್ತು. ಎರಡು ಕೈಯನ್ನೂ ಕಟ್ಟಿಕೊಂಡು, ಬಾಗಿಲನ್ನೇ ನೋಡುತ್ತ ನಿಂತಿದ್ದರು. ನಾನು ವದ್ಹಾಳ ಬೆನ್ನ ಮೇಲೆ ಕೈಯಿಟ್ಟೆ. "ನಾಳೆ ಅಂದ್ಕೊಂಡು ಅರವತ್ತು ಚೀಲ ಹೊಲಿಸಿದಾರೆ, ಪುಟ್ಟಾ. ನಾನೇ ದಾರ ಕತ್ತರಿಸಿದ್ದು" ಎಂದೆ. ಅಷ್ಟು ಜನರ ಮುಂದೆ ನಾನು ಅಷ್ಟು ಮಾತಾಡಿದ್ದು ಅದೇ ಮೊದಲು.

ವದ್ಹಾ ಓಡಿದಳು. ಅವಳ ಹಿಂದೆ ಅಝ್ಝಾನ್, ಅವನ ಹಿಂದೆ ಎಲ್ಲರೂ. ಬಾಗಿಲು ತಟ್ಟಿ, ಒಳ್ಳೆಯ ಪದವನ್ನು ಮೊದಲಿಂದ ಕೊನೆಯವರೆಗೆ ಹಾಡಿದರು. ಮಿಸ್ ಬಾಗಿಲು ತೆರೆದು, "ಚೀಲ ಒಂದೂ ತುಂಬಿಲ್ಲ. ನನಗೆ ಸಹಾಯ ಬೇಕು, ಒಳಗೆ ಬನ್ನಿ" ಎಂದರು.

ತುಂಬಿದ ಚೀಲವಿದ್ದಿದ್ದರೆ ಮಕ್ಕಳು ಕಸಿದುಕೊಂಡು ಮುಂದಿನ ಮನೆಗೆ ಓಡುತ್ತಿದ್ದವು. ಈಗ ಜಮಖಾನೆಯ ಮೇಲೆ ಸುತ್ತ ಕೂತವು. ಒಬ್ಬ ಕಡಲೆಕಾಯಿ ಹಾಕುವವನು, ಒಬ್ಬಳು ಟಾಫಿ ಹಾಕುವವಳು, ವದ್ಹಾ ಗಂಟು ಹಾಕುವವಳು. ಅವಳ ಗಂಟನ್ನು ಯಾರಿಂದಲೂ ಬಿಚ್ಚಲಾಗಲಿಲ್ಲ.

"ಒಂದು ಚೀಲಕ್ಕೆ ಏಳು ಟಾಫಿ. ಎಂಟು ಚೀಲಕ್ಕೆ ಎಷ್ಟು ತೆಗೀಲಿ?" ಎಂದರು ಮಿಸ್.

"ಐವತ್ತಾರು!" ಎಂದು ಅಝ್ಝಾನ್ ಕೂಗಿ, ಮರುಕ್ಷಣ ಹಣೆ ಚಚ್ಚಿಕೊಂಡ. "ಕೇಳೇಬಿಟ್ರಲ್ಲೋ!"

ಮಿಸ್‌ಗೆ ಅದೇಕೆಂದು ತಿಳಿಯದಿದ್ದರೂ ಎಲ್ಲರಿಗಿಂತ ಜೋರಾಗಿ ನಕ್ಕರು.

ರಮದಾನಿನ ಸಂಜೆಗಳಲ್ಲಿ ನಮ್ಮ ಬೀದಿಯಲ್ಲಿ ಊಟದ ತಟ್ಟೆಗಳು ಮನೆಯಿಂದ ಮನೆಗೆ ಹೋಗುತ್ತವೆ. ಗಂಟು ಹಾಕುತ್ತ ವದ್ಹಾ ಕೇಳಿದಳು: "ಮಿಸ್, ಸಂಜೆ ನಿಮಗೆ ಊಟ ಯಾರು ಕಳಿಸ್ತಾರೆ?"

"ಯಾರೂ ಇಲ್ಲಮ್ಮ. ನಾನು ಉಪವಾಸ ಇರಲ್ಲ ಅಲ್ವಾ. ಬ್ರೆಡ್ಡು, ಮೊಟ್ಟೆ ಮಾಡ್ಕೊಳ್ತೀನಿ."

ಈ ಮಾತು ರಾತ್ರಿಯೊಳಗೆ ಎಲ್ಲ ಮನೆಗೂ ಮುಟ್ಟಿತು. ಬುಧವಾರ ಸಂಜೆ, ಸೂರ್ಯ ಮುಳುಗುವ ಮುಂಚೆ, ಮಿಸ್ ಬಾಗಿಲನ್ನು ಏಳು ಸಲ ತಟ್ಟಲಾಯಿತು. ಮೌಝಾ ಅಜ್ಜಿಯ ಗೋಧಿ-ಮಾಂಸದ ಹರೀಸ್, ಅಝ್ಝಾನ್ ಮನೆಯ ಸಮೋಸ, ನಮ್ಮ ಮನೆಯ ಕರಿದ ಸಿಹಿ ಉಂಡೆ, ಲುಕೈಮಾತ್. ಮಿಸ್ ಎರಡು ಮನೆ ನಡುವಿನ ಗೋಡೆಯ ಮೇಲಿಂದ ಅಮ್ಮನನ್ನು ಕರೆದರು. "ಇಷ್ಟೂ ನಾನೊಬ್ಬಳೇ ತಿನ್ನೋದಾ?"

"ತಿನ್ನಿ. ಆದ್ರೆ ನಮ್ಮಲ್ಲಿ ತಟ್ಟೆ ಖಾಲಿ ವಾಪಸ್ ಕೊಡೋ ಹಾಗಿಲ್ಲ. ಅದೊಂದು ನೆನಪಿರ್ಲಿ."

ಅವರು ಶಾಲೆಯಿಂದ ಅಂಟುಚೀಟಿ ತಂದು, ಪ್ರತಿ ತಟ್ಟೆಯ ತಳಕ್ಕೂ ಯಾರ ಮನೆಯದೆಂದು ಬರೆದು ಅಂಟಿಸಿದರು. ಮುಸುಕಿನ ಜೋಳದ ನುಚ್ಚಿಗೆ ಕಾಳು ಹಾಕಿ ತಮ್ಮೂರಿನ ಅಡುಗೆ ಮಾಡಿ ತುಂಬಿಸಿ ಕಳಿಸಿದರು. ಮೌಝಾ ಅಜ್ಜಿ ರುಚಿ ನೋಡಿ, "ಉಪ್ಪು ಸಾಲದು. ಕಲಿತಾಳೆ ಬಿಡು" ಎಂದು ಪೂರ್ತಿ ತಿಂದಳು. ಆಮೇಲೆ ಅದೇ ತಟ್ಟೆಯಲ್ಲಿ ಖರ್ಜೂರ ಹಾಕಿ ಕಳಿಸಿದಳು.

ರಮದಾನ್ ಮುಗಿದು ಮೂರು ತಿಂಗಳಾದರೂ ತಟ್ಟೆಗಳ ಓಡಾಟ ನಿಂತಿಲ್ಲ. ಅಜ್ಜಿಯ ತಟ್ಟೆ ಇವತ್ತು ಮಿಸ್ ಮನೆಯಲ್ಲಿದೆ, ನಮ್ಮದೂ ಅಲ್ಲೇ ಇದೆ. ಮಿಸ್ ಒಲೆಯ ಮುಂದೆ ನಿಂತಿದ್ದಾರೆ, ಬಾಗಿಲು ತೆರೆದೇ ಇದೆ. ಅಂಗಳದಲ್ಲಿ ಅಝ್ಝಾನ್ ಚೆಂಡು ಹುಡುಕುತ್ತಿದ್ದಾನೆ.