ತೊಂಬತ್ತೊಂದು ಅಂದರೆ ಎಷ್ಟು?

ಫೆಬ್ರವರಿಯ ಒಂದು ಬೆಳಿಗ್ಗೆ ಮಗಳು ಅಂಗಡಿಗೆ ಫೋನು ಮಾಡಿ, "ಅಪ್ಪ, ಜೆಇಇ ರಿಸಲ್ಟ್ ಬಂತು. ತೊಂಬತ್ತೊಂದು ಪಾಯಿಂಟ್ ನಾಲ್ಕು" ಎಂದಳು. ಅದರ ಹಿಂದೆ ಇನ್ನೂ ಏನೋ ಹೇಳುತ್ತಿದ್ದಳು. ನನಗೆ ಕೇಳಿಸಿಕೊಳ್ಳುವ ವ್ಯವಧಾನ ಇರಲಿಲ್ಲ. ಕಾಪುವಿನಲ್ಲಿ ಮೀನಿನ ಬಲೆ, ಹಗ್ಗ, ಬಲೆ ತೇಲಿಸುವ ಬೆಂಡು ಮಾರುವ ಸಣ್ಣ ಅಂಗಡಿ ನನ್ನದು. ಪಿಯುಸಿಯ ನಂತರ ನಾನು ಓದಿದವನಲ್ಲ. ಇಂಜಿನಿಯರಿಂಗಿನ ದೇಶಮಟ್ಟದ ಪರೀಕ್ಷೆಯಲ್ಲಿ ಮಗಳಿಗೆ ತೊಂಬತ್ತೊಂದು ಬಂದಿದೆ ಎಂದ ಮೇಲೆ ಉಳಿದ ಮಾತನ್ನು ಸಂಜೆ ಕೇಳಿದರೂ ಆಗುತ್ತದೆ ಅನಿಸಿತು.

ಬೇಕರಿಗೆ ಹೋಗಿ ಲಡ್ಡು ತಂದೆ. ಬಲೆ ಕೊಳ್ಳಲು ಬಂದವರಿಗೆ ಕೊಟ್ಟೆ, ಬೆಲೆ ಕೇಳಿ ಹಾಗೆಯೇ ಹೋದವರಿಗೂ ಕೊಟ್ಟೆ. ಪಕ್ಕದ ಫ್ಯಾನ್ಸಿ ಅಂಗಡಿಯ ಸಾಹೇಬರು ಲಡ್ಡು ಬಾಯಿಗೆ ಹಾಕಿಕೊಂಡು, "ತೊಂಬತ್ತೊಂದು ಪರ್ಸೆಂಟಾ? ಭಾರಿ ಆಯ್ತು ಮಾರಾಯ್ರೆ. ನಮ್ಮವನೂ ಅದೇ ಪರೀಕ್ಷೆ ಬರೆದಿದ್ದಾನೆ, ಬಾಯಿಯೇ ಬಿಡುವುದಿಲ್ಲ" ಎಂದರು. ಮನೆಗೆ ಬಂದು ನನ್ನ ಅಮ್ಮನಿಗೂ ಒಂದು ಕೊಟ್ಟೆ. ಅಮ್ಮ ಕಾಪು ಮಾರ್ಕೆಟಿನಲ್ಲಿ ಬಹಳ ವರ್ಷ ಮೀನು ಮಾರಿದವರು. ಯಾರು ಏನು ಹೇಳಿದರೂ ಮೊದಲು ಕೊರತೆ ಎಷ್ಟು ಎಂದು ಕೇಳುವುದು ಅವರ ಅಭ್ಯಾಸ.

"ಉಳಿದ ಒಂಬತ್ತು ಎಲ್ಲಿ ಹೋಯಿತಂತೆ?" ಎಂದರು.

ಸಂಜೆ ಮಗಳು ಉಡುಪಿಯಿಂದ ಬಂದಳು. ಬಸ್‌ಸ್ಟ್ಯಾಂಡಿನಿಂದ ಮನೆಗೆ ಬರುವಷ್ಟರಲ್ಲಿ ನಾಲ್ಕೈದು ಜನ ಅವಳನ್ನು ನಿಲ್ಲಿಸಿ ಅಭಿನಂದಿಸಿದ್ದರಂತೆ. ಚೀಲವನ್ನು ಕುರ್ಚಿಗೆ ಎಸೆದು ನನ್ನ ಮುಂದೆ ನಿಂತಳು.

"ಅಪ್ಪ, ಎಂತ ಹೇಳಿದ್ದೀರಿ ಊರಿಗೆಲ್ಲ?"

"ಇದ್ದದ್ದೇ ಹೇಳಿದೆ. ತೊಂಬತ್ತೊಂದು ಪರ್ಸೆಂಟ್ ಅಂತ."

"ಅದು ಪರ್ಸೆಂಟ್ ಅಲ್ಲ, ಪರ್ಸೆಂಟೈಲ್. ಬೆಳಿಗ್ಗೆ ಹೇಳ್ತಾ ಇದ್ದೆ, ನೀವು ಫೋನ್ ಇಟ್ರಿ."

"ಎರಡಕ್ಕೂ ಎಂತ ವ್ಯತ್ಯಾಸ? ಮಾರ್ಕು ಎಷ್ಟು, ಅದನ್ನು ಹೇಳು."

"ಮುನ್ನೂರಕ್ಕೆ ನೂರರ ಹತ್ತಿರ."

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ನೂರಕ್ಕೆ ಮೂವತ್ತಮೂರು. ನಮ್ಮ ಕಾಲದಲ್ಲಿ ಮೂವತ್ತೈದು ಬರದಿದ್ದರೆ ಫೇಲು. ಅಂದರೆ ಫೇಲಾದ ಮಗಳಿಗಾಗಿ ನಾನು ಇಡೀ ಪೇಟೆಗೆ ಲಡ್ಡು ಹಂಚಿದ್ದೆ. ನನ್ನ ಮುಖ ನೋಡಿ ಮಗಳಿಗೆ ಸಿಟ್ಟು ಹೋಗಿ ನಗು ಬಂತು. "ಫೇಲಲ್ಲ ಅಪ್ಪ. ಚೆನ್ನಾಗಿಯೇ ಬಂದಿದೆ. ನೂರು ಜನರಲ್ಲಿ ತೊಂಬತ್ತೊಂದು ಜನ ನನ್ನಷ್ಟು ಅಥವಾ ನನಗಿಂತ ಕಡಿಮೆ ತೆಗೆದಿದ್ದಾರೆ ಅಂತ ಅರ್ಥ" ಎಂದಳು. ತಲೆಯಾಡಿಸಿದೆ, ಆದರೆ ತಲೆಯೊಳಗೆ ಮೂವತ್ತಮೂರೇ ಕುಳಿತಿತ್ತು. ಹೆಂಡತಿಗೂ ಅರ್ಥವಾಗಲಿಲ್ಲವೆಂದು ಅವಳು ತಟ್ಟನೆ ಅಡುಗೆಮನೆಗೆ ಹೋದದ್ದರಿಂದಲೇ ತಿಳಿಯಿತು. ಅವಳು ಕಾರ್ಕಳದ ಹುಡುಗಿ, ಅರ್ಥವಾಗಲಿಲ್ಲ ಎಂದು ಬಾಯಿಬಿಟ್ಟು ಹೇಳುವವಳಲ್ಲ.

ಹೀಗೆ ತಲೆಕೆಡಿಸಿಕೊಂಡವರು ನಾವಿಬ್ಬರೇ ಆಗಿರಲಿಲ್ಲ. ಮಗಳು ಪ್ರವೇಶ ಪರೀಕ್ಷೆಗೆ ಕೋಚಿಂಗಿಗೆ ಹೋಗುತ್ತಿದ್ದುದು ಉಡುಪಿಯ ಬನ್ನಂಜೆಯ ಒಂದು ಕಟ್ಟಡದ ಮೂರನೇ ಮಾಳಿಗೆಗೆ. ಗಣಿತ ಕಲಿಸುವ ಒಬ್ಬ ಮೇಡಂ ನಡೆಸುವ ಸಣ್ಣ ಸಂಸ್ಥೆ ಅದು. ಕಾರ್ಕಳದಲ್ಲೂ ಒಂದು ಶಾಖೆ ಇತ್ತು. ರಿಸಲ್ಟ್ ಬಂದ ದಿನದಿಂದ, ಪರ್ಸೆಂಟೈಲ್ ಅಂದರೆ ಎಂತ ಎಂದು ಕೇಳುವ ಪಾಲಕರಿಂದ ಮೇಡಂ ಅವರ ಫೋನಿಗೆ ಬಿಡುವೇ ಇಲ್ಲವಂತೆ. ಕೊನೆಗೆ ಅವರು ಪಾಲಕರ ಗುಂಪಿಗೆ ಒಂದು ಸಂದೇಶ ಕಳಿಸಿದರು. ಬರುವ ಭಾನುವಾರ ಬನ್ನಂಜೆ, ಕಾರ್ಕಳ ಎರಡೂ ಕಡೆ ಪಾಲಕರಿಗೇ ಒಂದು ಪರೀಕ್ಷೆ, ಮುಂದಿನ ಭಾನುವಾರ ಫಲಿತಾಂಶ. ಮಕ್ಕಳು ಮೇಲ್ವಿಚಾರಕರು.

ಆ ಭಾನುವಾರ ಹೆಂಡತಿ ತವರಿಗೆ ಹೋಗಿದ್ದಳು. "ಅಲ್ಲಿಯೇ ಬರೆಯುತ್ತೇನೆ" ಎಂದಳು. ನಾನು ಬನ್ನಂಜೆಗೆ ಹೋದೆ.

ಮಕ್ಕಳ ಬೆಂಚಿನಲ್ಲಿ ಮಂಡಿ ಮಡಚಿ ಕುಳಿತವರು ನಲವತ್ತು ಜನ. ನನ್ನ ಎಡಕ್ಕೆ ಪಡುಬಿದ್ರಿಯ ಒಬ್ಬ ಕಂಟ್ರಾಕ್ಟರು, ಬಲಕ್ಕೆ ಮಣಿಪಾಲದಲ್ಲಿ ಮನೆ ಮಾಡಿಕೊಂಡಿದ್ದ ಒಬ್ಬ ವಕೀಲರು. ಇಪ್ಪತ್ತು ಪ್ರಶ್ನೆ. ಸರಿ ಉತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಅಂಕ ಕಡಿತ, ಬಿಟ್ಟರೆ ಏನೂ ಇಲ್ಲ. ಮಗಳು ಪ್ರಶ್ನೆಪತ್ರಿಕೆ ಕೊಡುವಾಗ ನನ್ನನ್ನು ಗುರುತೇ ಇಲ್ಲದವಳ ಹಾಗೆ ನೋಡಿದಳು. ಪೆನ್ನಿನ ಮುಚ್ಚಳ ತೆಗೆದು ಮೊದಲ ಪ್ರಶ್ನೆಯನ್ನೇ ಮೂರು ಸಲ ಓದಿದೆ. ಈ ಮಕ್ಕಳು ಪ್ರತಿ ವಾರ ಇದನ್ನೇ ಮಾಡುತ್ತಾರೆ, ಮನೆಗೆ ಬಂದ ಕೂಡಲೇ ನಾವು "ಎಷ್ಟು?" ಎಂದು ಕೇಳುತ್ತೇವೆ ಎಂಬುದು ಆಗ ನೆನಪಾಯಿತು.

ಕಂಟ್ರಾಕ್ಟರು ಟಕಟಕನೆ ಉತ್ತರದ ವೃತ್ತಗಳನ್ನು ತುಂಬಿ ಎಲ್ಲರಿಗಿಂತ ಮೊದಲು ಎದ್ದರು. ವಕೀಲರು ಪತ್ರಿಕೆಯನ್ನು ಆಚೆ ಈಚೆ ಓದಿ, ಪೆನ್ನನ್ನು ಜೇಬಿಗಿಟ್ಟುಕೊಂಡು ಕೈಕಟ್ಟಿ ಕುಳಿತರು. ಹೊರಗೆ ಬಂದ ಮೇಲೆ ಕೇಳಿದ್ದಕ್ಕೆ, "ಖಾತ್ರಿ ಇಲ್ಲದ ವಿಷಯದಲ್ಲಿ ನಾನು ಹೇಳಿಕೆ ಕೊಡುವುದಿಲ್ಲ" ಎಂದರು.

ಅಂಕಗಳನ್ನು ಮಾತ್ರ ಅಂದೇ ಸಂಜೆ ಕಳಿಸಿದರು. ನನಗೆ ಇಪ್ಪತ್ತಮೂರು. ಹೆಂಡತಿಗೆ ಫೋನು ಮಾಡಿದೆ. ಅವಳಿಗೆ ಹದಿನೇಳು. ಆ ವಾರ ಪೂರ್ತಿ ನಾನು ಬಹಳ ಉದಾರಿಯಾಗಿದ್ದೆ. "ಪರವಾಗಿಲ್ಲ, ಕಾರ್ಕಳದಲ್ಲಿ ನಿಮಗೆ ಗಣಿತಕ್ಕೆ ಒಳ್ಳೆಯ ಮೇಷ್ಟ್ರು ಇರಲಿಲ್ಲವೋ ಏನೋ" ಎಂದು ಸಮಾಧಾನ ಹೇಳಿದೆ. ಅವಳು ಬಂಗುಡೆ ಮೀನು ಹುರಿದು ಮೊದಲು ಅಮ್ಮನಿಗೆ, ಆಮೇಲೆ ಮಗಳಿಗೆ ಬಡಿಸಿದಳು. ನನ್ನ ತಟ್ಟೆಗೆ ಬಂದದ್ದು ಬಾಲದ ತುಂಡು.

ಮುಂದಿನ ಭಾನುವಾರ ಎರಡೂ ಊರಿನವರು ಬನ್ನಂಜೆಯಲ್ಲಿ ಸೇರಿದೆವು. ಮೇಡಂ ಭಾಷಣ ಮಾಡಲಿಲ್ಲ. "ಎಲ್ಲರೂ ಏಳಿ. ಬನ್ನಂಜೆಯವರು ಈ ಗೋಡೆಗೆ, ಕಾರ್ಕಳದವರು ಆ ಗೋಡೆಗೆ. ಹೆಚ್ಚು ಮಾರ್ಕಿನವರು ಮುಂದೆ, ಕಡಿಮೆಯವರು ಹಿಂದೆ. ಸಾಲು ಮಾಡಿ" ಎಂದರು. ಮಕ್ಕಳು ನಮ್ಮ ತೋಳು ಹಿಡಿದು ಹಿಂದೆ ಮುಂದೆ ಎಳೆದು ನಿಲ್ಲಿಸಿದರು. ನಮ್ಮ ಸಾಲು ಬಾಗಿಲು ದಾಟಿ ಮೆಟ್ಟಿಲಿಗೆ ಇಳಿಯಿತು. ಎಲ್ಲರಿಗಿಂತ ಮುಂದೆ ಐವತ್ತೆರಡು ತೆಗೆದ ಒಬ್ಬ ನಿವೃತ್ತ ಹೆಡ್‌ಮಾಸ್ಟರು. ನನ್ನ ಮುಂದೆ ಹದಿನಾರು ಜನ. ಎಲ್ಲರಿಗಿಂತ ಹಿಂದೆ, ಮೆಟ್ಟಿಲಿನ ಕೆಳಗೆ ಕಂಟ್ರಾಕ್ಟರು. ಎಲ್ಲ ಪ್ರಶ್ನೆಗೂ ಉತ್ತರಿಸಿ ಮೂರನ್ನು ಮಾತ್ರ ಸರಿ ಮಾಡಿದ್ದ ಅವರಿಗೆ ಮೈನಸ್ ಐದು ಬಂದಿತ್ತು. ಅವರಿಗಿಂತ ಐದು ಮೆಟ್ಟಿಲು ಮೇಲೆ ಸೊನ್ನೆ ತೆಗೆದ ವಕೀಲರು ನೆಮ್ಮದಿಯಿಂದ ನಿಂತಿದ್ದರು.

"ಇದೆಂತ ನ್ಯಾಯ ಮೇಡಂ?" ಕೆಳಗಿನಿಂದ ಕಂಟ್ರಾಕ್ಟರು ಕೂಗಿದರು. "ನಾನು ಎಲ್ಲ ಬರೆದೆ, ಇವರು ಒಂದೂ ಬರೆಯಲಿಲ್ಲ!"

"ಅದಕ್ಕೇ ಅವರು ಮುಂದೆ ಇದ್ದಾರೆ ಸರ್" ಎಂದರು ಮೇಡಂ. ನಂತರ ನನ್ನ ಹತ್ತಿರ ಬಂದರು. "ನಿಮ್ಮನ್ನೂ ಸೇರಿಸಿ ನಿಮ್ಮ ಹಿಂದೆ ಎಷ್ಟು ಜನ, ಎಣಿಸಿ."

ಎಣಿಸಿದೆ. ಇಪ್ಪತ್ತನಾಲ್ಕು.

"ನಲವತ್ತರಲ್ಲಿ ಇಪ್ಪತ್ತನಾಲ್ಕು. ನೂರಕ್ಕೆ ಲೆಕ್ಕ ಹಾಕಿದರೆ ಅರವತ್ತು. ಅದು ನಿಮ್ಮ ಪರ್ಸೆಂಟೈಲ್. ಮಾರ್ಕು ಎಷ್ಟು ಅಂತ ಅದು ಹೇಳುವುದಿಲ್ಲ, ಸಾಲಿನಲ್ಲಿ ಎಲ್ಲಿದ್ದೀರಿ ಅಂತ ಹೇಳ್ತದೆ."

ಲೆಕ್ಕ ಮೆಟ್ಟಿಲಿಗೆ ಹೋಯಿತು. ವಕೀಲರಿಗೆ ಹದಿನೈದು. ಕಂಟ್ರಾಕ್ಟರಿಗೆ ಎರಡೂವರೆ. "ಮೈನಸ್ ತೆಗೆದವನಿಗೂ ಎರಡೂವರೆ ಕೊಟ್ಟಿರಲ್ಲ ಮೇಡಂ, ದೇವರು ನೀವು!" ಎಂದು ಅವರು ಕೆಳಗಿನಿಂದಲೇ ಕೈಮುಗಿದರು. ಸಾಲು ಚದುರುವಷ್ಟು ನಗು ಎದ್ದಿತು.

ಆಮೇಲೆ ನಾನು ಎದುರು ಗೋಡೆಯ ಸಾಲನ್ನು ನೋಡಿದೆ. ಕಾರ್ಕಳದವರು ಮೂವತ್ತು ಜನ. ಹದಿನೇಳು ಅಂಕದ ನನ್ನ ಹೆಂಡತಿ ಎಲ್ಲೋ ನಡುವೆ ಇರಬಹುದೆಂದು ಹುಡುಕಿದರೆ ಅವಳು ಮುಂದಿನಿಂದ ನಾಲ್ಕನೆಯವಳಾಗಿ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಅವಳ ಪರ್ಸೆಂಟೈಲ್ ತೊಂಬತ್ತು. ಅಲ್ಲಿ ಮೊದಲು ನಿಂತವರಿಗೇ ಬಂದದ್ದು ಮೂವತ್ತೊಂದು ಅಂಕ. ಆದರೂ ಅವರಿಗೂ ಹೆಡ್‌ಮಾಸ್ಟರಿಗೂ ಒಂದೇ, ನೂರು.

"ಕಾರ್ಕಳದ ಪತ್ರಿಕೆಯನ್ನು ಬೇಕೆಂದೇ ಕಷ್ಟ ಮಾಡಿದ್ದೆ" ಎಂದರು ಮೇಡಂ. "ಜೆಇಇ ಬೇರೆ ಬೇರೆ ದಿನ, ಬೇರೆ ಬೇರೆ ಪತ್ರಿಕೆಯಲ್ಲಿ ನಡೀತದೆ. ಸುಲಭದ್ದು ಸಿಕ್ಕಿದವರಿಗೆ ಲಾಭ ಆಗಬಾರದು ಅಲ್ವಾ? ಅದಕ್ಕೆ ಮಾರ್ಕು ಬಿಟ್ಟು ಆಯಾ ಪತ್ರಿಕೆಯ ಸಾಲಿನಲ್ಲಿ ಎಲ್ಲಿದ್ದೀರಿ ಅಂತ ನೋಡುವುದು."

ಆ ಗೋಡೆಯ ಕಡೆಯಿಂದ ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಸೋಲೊಪ್ಪಲು ನಾಲಿಗೆ ಏಳಲಿಲ್ಲ. "ಮೇಡಂ, ಒಂದು ಸಂಶಯ. ಕಾರ್ಕಳದವರೇ ಸ್ವಲ್ಪ ದಡ್ಡರಾಗಿದ್ದರೆ? ಆಗ ಆ ಸಾಲಿನಲ್ಲಿ ಮುಂದೆ ನಿಲ್ಲುವುದು ಸುಲಭ ಅಲ್ವಾ?"

ಎದುರು ಗೋಡೆಯಿಂದ ಮೂವತ್ತು ಜನರೂ ಒಟ್ಟಿಗೆ ಮಾತಾಡಿದರು. ಮೇಡಂ ಮಾತ್ರ ಚಪ್ಪಾಳೆ ತಟ್ಟಿದರು. "ಸರಿಯಾದ ಪ್ರಶ್ನೆ. ಮೂವತ್ತು ನಲವತ್ತು ಜನರಲ್ಲಿ ಹಾಗೆ ಆಗಬಹುದು, ನನ್ನ ಲೆಕ್ಕ ಅಲ್ಲಿ ಕಚ್ಚಾ. ನಿಜ ಪರೀಕ್ಷೆಯಲ್ಲಿ ಲಕ್ಷಗಟ್ಟಲೆ ಮಕ್ಕಳನ್ನು ಊರು ನೋಡದೆ ಬೆರೆಸಿ ಹಂಚುತ್ತಾರೆ. ಆಗ ಜಾಣರು, ಸಾಧಾರಣದವರು ಎಲ್ಲ ದಿನವೂ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಇರ್ತಾರೆ ಅಂತ ಲೆಕ್ಕ."

ಪ್ರಶ್ನೆ ಸರಿಯಾಗಿತ್ತು ಎಂಬ ಒಂದೇ ಹೆಮ್ಮೆಯಲ್ಲಿ ಬಸ್ಸು ಹತ್ತಿದೆ. ಕಟಪಾಡಿ ದಾಟಿದ ಮೇಲೆ ಹೆಂಡತಿ ಕಿಟಕಿಯ ಹೊರಗೆ ನೋಡುತ್ತಾ, "ದಡ್ಡರ ಊರಿನಿಂದ ಹೆಣ್ಣು ತಂದವರು ಯಾರೋ" ಎಂದಳು. ನಾನು ನಕ್ಕೆ. ಅವಳು ನಗದಿರಲು ಕಾಪು ಬರುವವರೆಗೂ ಪ್ರಯತ್ನಿಸಿ, ಇಳಿಯುವಾಗ ನಕ್ಕಳು.

ಮಾರ್ಚಿನಲ್ಲಿ ಮಗಳು ದ್ವಿತೀಯ ಪಿಯುಸಿ ಬರೆದಳು, ಏಪ್ರಿಲ್‌ನಲ್ಲಿ ರಾಜ್ಯದ ಸಿಇಟಿ. ಎರಡನೇ ಸಲದ ಜೆಇಇಯಲ್ಲಿ ದೊಡ್ಡ ವ್ಯತ್ಯಾಸವೇನೂ ಆಗಲಿಲ್ಲ, ಆ ದಾರಿಯನ್ನು ಅಲ್ಲಿಗೇ ಬಿಟ್ಟೆವು. ಸಿಇಟಿ ಲೆಕ್ಕ ಬೇರೆ ಎಂದು ಮಗಳು ಮೊದಲೇ ಹೇಳಿಕೊಟ್ಟಿದ್ದಳು. ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕಕ್ಕೆ ಐವತ್ತರ ತೂಕ, ಸಿಇಟಿ ಅಂಕಕ್ಕೆ ಇನ್ನೈವತ್ತು. ಎರಡನ್ನೂ ಕೂಡಿಸಿ ಸಾಲು ಮಾಡುತ್ತಾರೆ, ಆ ಸಾಲಿನ ಸ್ಥಾನವೇ ರ‍್ಯಾಂಕ್. ಪಿಯುಸಿಯಲ್ಲಿ ಅವಳಿಗೆ ಆ ಮೂರು ವಿಷಯದಲ್ಲಿ ಮುನ್ನೂರಕ್ಕೆ ಇನ್ನೂರ ಎಂಬತ್ತೆರಡು ಬಂದಿತ್ತು. ಸಿಇಟಿಯಲ್ಲಿ ನೂರ ಎಂಬತ್ತಕ್ಕೆ ನೂರ ಹದಿನೇಳು. ಬಲೆ ಬಂದಿದ್ದ ರಟ್ಟಿನ ಡಬ್ಬದ ಮೇಲೆಯೇ ನಾನು ಲೆಕ್ಕ ಹಾಕಿದೆ. ನಲವತ್ತೇಳು, ಮೂವತ್ತೆರಡೂವರೆ, ಒಟ್ಟು ಎಪ್ಪತ್ತೊಂಬತ್ತೂವರೆ. ಫೆಬ್ರವರಿಯ ನಾನಾಗಿದ್ದರೆ ತೊಂಬತ್ತೊಂದಕ್ಕಿಂತ ಹನ್ನೆರಡರಷ್ಟು ಕಡಿಮೆಯಾಯಿತೆಂದು ಮುಖ ಸಣ್ಣ ಮಾಡುತ್ತಿದ್ದೆ. ಈಗ, "ಉಳಿದವರದ್ದು ಎಷ್ಟೋ, ಅದು ಗೊತ್ತಾಗದೆ ಎಂತ ಹೇಳುವುದು" ಎಂದು ಗಿರಾಕಿಯನ್ನು ಮಾತಾಡಿಸಲು ಹೋದೆ.

ರ‍್ಯಾಂಕ್ ಬಂದ ದಿನ ಮನೆಯಲ್ಲಿ ಎಲ್ಲರೂ ಮಗಳ ಮೊಬೈಲಿನ ಸುತ್ತ ನಿಂತಿದ್ದೆವು. ಅವಳು ಜೀವಶಾಸ್ತ್ರವನ್ನೂ ಓದಿದ್ದರಿಂದ ಇಂಜಿನಿಯರಿಂಗಿಗೆ ಒಂದು, ಕೃಷಿಗೆ ಒಂದು, ಫಾರ್ಮಸಿಗೆ ಒಂದು, ಹೀಗೆ ಒಂದೊಂದು ಕೋರ್ಸಿಗೆ ಒಂದೊಂದು ರ‍್ಯಾಂಕ್ ಇತ್ತು. ಇಂಜಿನಿಯರಿಂಗಿನದು ಐದು ಸಾವಿರದ ಮೇಲೆ, ಆರು ಸಾವಿರದ ಒಳಗೆ.

ಅಮ್ಮ ಗಾಬರಿಯಾದರು. "ಐದು ಸಾವಿರವಾ? ಶಾಲೆಯಲ್ಲಿ ಇವಳು ಯಾವಾಗಲೂ ಎರಡನೆಯವಳು!"

"ಶಾಲೆಯಲ್ಲಿ ಕ್ಲಾಸಿನ ಸಾಲು ಅಜ್ಜಿ. ಇದು ಇಡೀ ರಾಜ್ಯದ ಸಾಲು" ಎಂದಳು ಮಗಳು.

"ಅಷ್ಟು ಉದ್ದದ ಸಾಲಾ? ಕಾಪುವಿನಿಂದ ಎಲ್ಲಿಯವರೆಗೆ ಬರ್ತದೆ?"

ಮಗಳು ಯೋಚಿಸಿದಳು. "ಎಲ್ಲರೂ ಒತ್ತಾಗಿ ನಿಂತರೂ ಕಾರ್ಕಳ ದಾಟಿ ಹೋಗ್ತದೆ ಅಜ್ಜಿ. ನಾನು ನಿಂತಿರುವುದು ಇಲ್ಲೇ, ಊರು ಬಿಡುವ ಮೊದಲೇ."

ಅಮ್ಮ ಅದನ್ನು ಕಣ್ಣಿಗೆ ತಂದುಕೊಂಡಿರಬೇಕು. "ಹಾಗಾದರೆ ಆಯ್ತು. ಹಿಂದಿನವರಿಗೆ ಪಾಪ, ಬಿಸಿಲು" ಎಂದರು.

ಮರುದಿನ ಪಕ್ಕದಂಗಡಿಯ ಸಾಹೇಬರು ಕೈಯಲ್ಲಿ ಫೋನು ಹಿಡಿದೇ ನನ್ನ ಅಂಗಡಿಗೆ ಬಂದರು. ದುಬೈಯಲ್ಲಿರುವ ಅವರ ಭಾವ ವಿಡಿಯೊ ಕರೆಯಲ್ಲಿದ್ದರು. ಸಾಹೇಬರ ಮಗನಿಗೆ ಎಷ್ಟು ಪರ್ಸೆಂಟ್ ಎಂದು ಅವರು ಕೇಳುತ್ತಲೇ ಇದ್ದರಂತೆ. ಸಾಹೇಬರಿಗೆ ಹೇಳಿ ಸಾಕಾಗಿತ್ತು. "ನೀವೇ ಬಿಡಿಸಿ ಹೇಳಿ ಮಾರಾಯ್ರೆ, ನೀವು ಪರೀಕ್ಷೆಯೇ ಬರೆದವರು" ಎಂದು ಫೋನನ್ನು ನನ್ನ ಕೈಗಿತ್ತರು. ನಾನು ಬೆಂಡುಗಳನ್ನು ಮೇಜಿನ ಮೇಲೆ ಸಾಲಾಗಿ ಜೋಡಿಸಿ ತೋರಿಸಿದೆ. ಭಾವನವರು ತುಂಬಾ ಹೊತ್ತು ನೋಡಿ, "ಬೆಂಡು ಒಳ್ಳೆಯದು ಕಾಣ್ತದೆ, ಎಷ್ಟಕ್ಕೆ ಕೊಡ್ತೀರಿ?" ಎಂದರು. ಪಾಠ ಅಲ್ಲಿಗೆ ಮುಗಿಯಿತು.

ಕಾಲೇಜುಗಳನ್ನು ಆಯ್ಕೆಯ ಕ್ರಮದಲ್ಲಿ ತುಂಬುವಾಗ ಮಗಳು ನಮ್ಮಿಬ್ಬರನ್ನೂ ಕೇಳಿದಳು, ಆದರೆ ಮಾಡಿದ್ದು ತನ್ನ ಮನಸ್ಸಿನ ಹಾಗೆಯೇ. ಎಲೆಕ್ಟ್ರಾನಿಕ್ಸ್ ಬೇಕೆಂದು ಅವಳು ಮೊದಲೇ ನಿರ್ಧರಿಸಿದ್ದಳು. ಕಾರ್ಕಳದ ಕಡೆಯ ಒಂದು ಕಾಲೇಜಿನಲ್ಲಿ ಸೀಟು ಸಿಕ್ಕಿತು. ಹೆಂಡತಿಗೆ ಗೆದ್ದಷ್ಟು ಸಂತೋಷ. ತವರಿನಲ್ಲಿ ಇರಿಸೋಣ ಎಂದಳು. ಮಗಳು ಹಾಸ್ಟೆಲೇ ಬೇಕು ಎಂದಳು. ವಾರದ ದಿನ ಹಾಸ್ಟೆಲು, ಭಾನುವಾರ ಅಜ್ಜಿಮನೆ ಎಂದು ರಾಜಿಯಾಯಿತು.

ಸೇರಿಸಲು ಹೋದ ದಿನ ಕಾಗದಪತ್ರದ ಕೆಲಸ ಮುಗಿಸಿ ನಾವು ಮೂವರೂ ಹಾಸ್ಟೆಲಿನ ಜಗಲಿಯಲ್ಲಿ ಕುಳಿತಿದ್ದೆವು. ಬೀದರ್ ಕಡೆಯ ಒಂದು ಹುಡುಗಿ ತಂದೆಯ ಜೊತೆ ದೊಡ್ಡ ಟ್ರಂಕು ಎಳೆದುಕೊಂಡು ಬಂದಳು. ಒಂದೇ ಕೋಣೆ ಎಂದು ಗೊತ್ತಾಯಿತು. ಅವಳ ತಂದೆ ನನ್ನ ಪಕ್ಕ ಕುಳಿತು ಬೆವರು ಒರೆಸಿಕೊಂಡರು. ರ‍್ಯಾಂಕ್ ಕೇಳುತ್ತಾರೆಂದು ನಾನು ಕಾದೆ, ಹೇಳಲು ತಯಾರಾಗಿಯೂ ಇದ್ದೆ. ಅವರು ಕೇಳಿದ್ದು ಇಲ್ಲಿ ಸೆಖೆ ಯಾವಾಗಲೂ ಹೀಗೆಯೇ ಇರುತ್ತದೆಯೇ ಎಂದು.

ಹುಡುಗಿಯರಿಬ್ಬರೂ ಆಗಲೇ ಗೋಡೆಗೆ ಅಂಟಿಸಿದ್ದ ಊಟದ ಪಟ್ಟಿಯ ಮುಂದೆ ನಿಂತಿದ್ದರು. "ಬುಧವಾರ ಮೀನು ಉಂಟು" ಎಂದು ನನ್ನ ಮಗಳು ಸಂತೋಷದಿಂದ ಹೇಳಿದಳು. "ನಾ ಮೀನು ತಿನ್ನಂಗಿಲ್ಲ" ಎಂದಳು ಆ ಹುಡುಗಿ. "ಹಾಗಾದ್ರೆ ನಿನ್ನ ಪಾಲಿನದು ನನಗೆ" ಎಂದು ಇವಳು ಅವಳ ಟ್ರಂಕಿನ ಒಂದು ತುದಿ ಹಿಡಿದಳು. ಇಬ್ಬರೂ ಅದನ್ನು ಎತ್ತಿಕೊಂಡು, ನಮಗೆ ಹೋಗಿಬರುತ್ತೇವೆ ಎಂದು ಹೇಳುವುದನ್ನೂ ಮರೆತು, ಮೆಟ್ಟಿಲು ಹತ್ತಿದರು.